ಪ್ರಶ್ನೆಗೆ ತಿದ್ದುಪಡಿ ಇಲ್ಲ

ಜುಲೈ ೯

ಮಾವ,

ಫೋನ್ ಮಾಡಿದರೆ ಅತ್ತುಬಿಡ್ತೀನಿ, ಅದಕ್ಕೇ ಕಾಗದ. ಬೋರ್ಡಿಂಗ್ ಸ್ಕೂಲಿನಲ್ಲಿದ್ದಾಗಲೂ ಹಾಗೇ ಅಲ್ಲವಾ, ನಿನಗೆ ಬರೆದರೆ ಮಾತ್ರ ನನ್ನ ಮಾತು ಕೊನೆ ಮುಟ್ಟುತ್ತಿತ್ತು. ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಬಂತು ಅಂತ ನಗಬೇಡ. ಎರಡನೇ ಕ್ಲಾಸಿನಿಂದ ಹಾಸ್ಟೆಲ್ ಅನ್ನ ತಿಂದವಳ ನಾಲಿಗೆ ಇಷ್ಟೇ.

ಕಾಲೇಜಿನಲ್ಲಿ ಎಲ್ಲಕ್ಕೂ ಟೆನ್ಷನ್. ಮೆಸ್ಸಿನಲ್ಲಿ ತಟ್ಟೆ ಹಿಡಿದು ಯಾವ ಟೇಬಲಿಗೆ ಹೋಗಬೇಕು ಅನ್ನೋದೂ ಒಂದು ಪರೀಕ್ಷೆ. ಖುಷಿ ಕೊಡೋ ಕ್ಲಾಸ್ ಅಂದರೆ ಒಂದೇ, ತರ್ಕ. ಪ್ರತಿ ಸೋಮವಾರ ಒಬ್ಬರು ಪತ್ರಿಕೆಯ ಅಭಿಪ್ರಾಯ ಪುಟದಿಂದ ಒಂದು ಲೇಖನ ತರಬೇಕು. ಮೇಡಂ ಅದನ್ನ ಪ್ರೊಜೆಕ್ಟರಿನಲ್ಲಿ ಬೋರ್ಡಿನ ಮೇಲೆ ಬಿಡ್ತಾರೆ. ನಾವೆಲ್ಲ ಸರದಿ ಪ್ರಕಾರ ಎದ್ದು ಹೋಗಿ ಕೆಂಪು ಪೆನ್ನಿನಲ್ಲಿ ತರ್ಕದೋಷ ಗುರುತು ಮಾಡಬೇಕು. ಪುಸ್ತಕದಲ್ಲಿರೋ ಲ್ಯಾಟಿನ್ ಹೆಸರು ಯಾರಿಗೂ ಬಾಯಿಗೆ ಬರಲ್ಲ ಅಂತ ಮೇಡಂ ತಾವೇ ಹೆಸರಿಟ್ಟಿದ್ದಾರೆ: 'ಬೆದರುಬೊಂಬೆ', 'ಎರಡೇ ಬಾಗಿಲು', 'ಜಾರುಬಂಡೆ', 'ಆಮೇಲೆ ಬಂತು, ಅದರಿಂದಲೇ ಬಂತು'.

ಈ ಸೋಮವಾರ ಲೇಖನ ತಂದದ್ದು ನನ್ನ ಪಕ್ಕ ಕೂರೋ ಹುಡುಗಿ. ಅವಳು ಟೋಪಿ ತೆಗೆಯೋದೇ ಇಲ್ಲ, ಹಾಗಾಗಿ ಎಲ್ಲರಿಗೂ ಅವಳು ಟೋಪಿ. ತಂದದ್ದು ನಿನ್ನ ಪತ್ರಿಕೆ, ನಿನ್ನ ಪುಟ. ನೀನು 'ಭಾನುವಾರದವರು' ಅಂತ ಕರೀತೀಯಲ್ಲ, ಆ ದೊಡ್ಡ ಡಾಕ್ಟರ ಅಂಕಣ. ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ: 'ಇನ್ನೆಷ್ಟು ಜೀವ ಹೋಗಬೇಕು?'

ಅದು ಅಮ್ಮನ ಈಜುಕೊಳ, ಮಾವ. ಹೆಸರು ಹಾಕಿಲ್ಲ. 'ಐವತ್ತು ದಾಟಿದ ಮಹಿಳೆಯೊಬ್ಬರನ್ನು ಕಳೆದ ವರ್ಷ ಕಾವಲಿಗೆ ಕೂರಿಸಲಾಗಿದೆ' ಅಂತಿದೆ ಅಷ್ಟೇ. ನಗರಸಭೆಯ ಆ ಎತ್ತರದ ಕುರ್ಚಿ ಮೇಲೆ ಸೀಟಿ ಕಟ್ಟಿಕೊಂಡು ಕೂರೋ ಹೆಂಗಸು ನಿನ್ನ ಅಕ್ಕ ಬಿಟ್ಟರೆ ಇನ್ಯಾರಿದ್ದಾರೆ?

ಕ್ಲಾಸಿಗೆ ಹಬ್ಬವೋ ಹಬ್ಬ. 'ಹಿಂದಿನ ಗಾರ್ಡ್ ಕಾಲದಲ್ಲಿ ಒಂದೂ ಅವಘಡ ವರದಿಯಾಗಿಲ್ಲ, ಈಕೆ ಬಂದ ಮೇಲೆ ಎರಡು' ಅನ್ನೋ ಸಾಲಿಗೆ 'ಆಮೇಲೆ ಬಂತು' ಅಂತ ಬರೆಯೋಕೆ ಮೂರು ಜನ ಒಟ್ಟಿಗೆ ಓಡಿದರು. 'ನಲವತ್ತು ವರ್ಷದ ವೈದ್ಯನಾಗಿ ಹೇಳುತ್ತೇನೆ' ಅಂದದ್ದಕ್ಕೆ ಹಿಂದಿನ ಬೆಂಚಿನವನು, 'ಇವರು ಹಲ್ಲಿನ ಡಾಕ್ಟರ್ ಮೇಡಂ, ನೀರು ಕಂಡಿರೋದು ಬಾಯಿ ಮುಕ್ಕಳಿಸೋವಾಗ ಮಾತ್ರ' ಅಂದ. 'ಒಂದೋ ಕನಿಕರ, ಇಲ್ಲವೇ ಪ್ರಾಣ' ಅನ್ನೋದು 'ಎರಡೇ ಬಾಗಿಲು', ಮೂರನೇ ದಾರಿಯೇ ಇಲ್ಲ ಅನ್ನೋ ಥರ. ಬೋರ್ಡ್ ಪೂರ್ತಿ ಕೆಂಪಾಯಿತು. ಪೆನ್ ನನ್ನ ಹತ್ತಿರ ಬಂದಾಗ ನಾನು 'ಪಾಸ್' ಅಂದೆ. ಆ ಎರಡು ಅವಘಡ ಏನು ಅಂತ ಆ ರೂಮಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನೀರಿನಲ್ಲಿ ಕಾಲು ಸೆಳೆತ ಬಂದ ನಿವೃತ್ತ ಗುಮಾಸ್ತರು, ನೀರು ಕುಡಿದ ಒಬ್ಬ ಹುಡುಗಿ. ಇಬ್ಬರನ್ನೂ ಅಮ್ಮ ಎಳೆದು ಮೇಲೆ ತಂದಳು. ಇಬ್ಬರೂ ತಮ್ಮ ಕಾಲ ಮೇಲೆ ಮನೆಗೆ ನಡೆದು ಹೋದರು. ಅವಳು ಉಳಿಸಿದ ಇಬ್ಬರನ್ನೇ ಅವಳ ತಲೆಗೆ ಕಟ್ಟಿದ್ದಾರೆ! ಹಿಂದಿನ ಗಾರ್ಡ್ ಕಾಲದಲ್ಲಿ ವರದಿಯೇ ಇಲ್ಲ ಅಂದರೆ ಏನರ್ಥ? ಯಾರೂ ಬರೆದಿಟ್ಟಿಲ್ಲ ಅಂತ ತಾನೇ?

ಇದಕ್ಕಿಂತ ಉರಿದದ್ದು ಆಮೇಲೆ. ಎಲ್ಲ ದೋಷ ಹುಡುಕಿ, ನಕ್ಕು, ಬ್ಯಾಗ್ ಹಾಕಿಕೊಂಡು ಹೊರಡುವಾಗ ಟೋಪಿ ಅಂದಳು: 'ಆದರೂ ಕಣೇ, ಐವತ್ತು ವರ್ಷ ಅಲ್ವಾ? ನಮ್ಮಮ್ಮ ಮಹಡಿ ಹತ್ತಿದರೇ ಏದುಸಿರು ಬಿಡ್ತಾಳೆ.' ಇಬ್ಬರು ಹೂಂ ಅಂದರು. ವಾದ ಅಳಿಸಿಹೋಯಿತು ಮಾವ, ತೀರ್ಮಾನ ಮಾತ್ರ ಅವರ ತಲೆಯಲ್ಲಿ ಹಾಗೇ ಉಳಿಯಿತು.

ಹೆಡ್ಡಿಂಗಿಗೆ ಯಾರೂ ಕೆಂಪು ಹಾಕಲಿಲ್ಲ. ಹೆಡ್ಡಿಂಗ್ ವಾದದೊಳಗೆ ಬರಲ್ಲ ಅಂತ ಬಿಟ್ಟರೋ ಏನೋ. 'ಇನ್ನೆಷ್ಟು ಜೀವ' ಅಂದರೆ ಆಗಲೇ ಕೆಲವು ಹೋಗಿವೆ ಅಂತ ಅಲ್ಲವಾ? ಒಂದೂ ಹೋಗಿಲ್ಲ. ಅದನ್ನ ಕೊಟ್ಟದ್ದು ಡಾಕ್ಟರೇ ತಾನೇ? ಒಂದು ಸಾಲು ಬರಿ ಸಾಕು.

ನಿನ್ನ
ಪಿಟೀಲು

* * *

ಜುಲೈ ೨೬

ಪಿಟೀಲು ಮರಿ,

ನಿನ್ನ ಕಾಗದ ಬಂದು ಸುಮಾರು ದಿನವಾಯಿತು. ಪುಟದ ಕೆಲಸ, ನಿನಗೆ ಗೊತ್ತಲ್ಲ. ಊಟ ಸರಿಯಾಗಿ ಮಾಡು. ಯಾವ ಟೇಬಲಿನಲ್ಲಿ ಕೂತರೂ ಅನ್ನ ಅದೇ. ಹೊಟ್ಟೆ ತುಂಬಿದ ಮೇಲೆ ಎದುರಿಗಿದ್ದವರು ಒಳ್ಳೆಯವರಾಗಿಯೇ ಕಾಣ್ತಾರೆ. ಹೊದಿಕೆ ಸಾಲದಿದ್ದರೆ ಹೇಳು, ನಿಮ್ಮತ್ತೆಯ ಹಳೇ ಶಾಲು ಒಂದಿದೆ, ಕಳಿಸ್ತೀನಿ.

ನಿಮ್ಮ ಮೇಡಂ ಒಳ್ಳೇ ಕೆಲಸ ಮಾಡಿಸ್ತಿದ್ದಾರೆ. ನಮ್ಮ ಪುಟವನ್ನ ಒಂದು ಕ್ಲಾಸು ಇಷ್ಟು ಗಮನ ಇಟ್ಟು ಓದುತ್ತೆ ಅಂತ ಸಂಪಾದಕರಿಗೆ ಹೇಳಿದರೆ ಖುಷಿಪಟ್ಟಾರು. ಭಾನುವಾರದವರು ದೊಡ್ಡ ಮನುಷ್ಯರು, ಅವರ ಬರಹಕ್ಕೆ ಓದುಗರು ಬಹಳ. ಅವರ ಸಾಲಿಗೆ ನಾವು ಕೈ ಹಾಕುವುದಿಲ್ಲ, ಅಲ್ಪವಿರಾಮ ತೆಗೆದರೂ ಸೋಮವಾರ ಬೆಳಿಗ್ಗೆ ಫೋನ್ ಬರುತ್ತೆ. ಹೆಡ್ಡಿಂಗ್ ಎಲ್ಲ ಡೆಸ್ಕಿನಲ್ಲಿ ಆಗುತ್ತೆ. ಅಲ್ಲಿ ಹತ್ತಾರು ಕೈ.

ಅಮ್ಮನಿಗೆ ಇದನ್ನೆಲ್ಲ ಬರೆದು ತಲೆ ಬಿಸಿ ಮಾಡಬೇಡ. ಅವಳು ಪತ್ರಿಕೆ ಓದುವವಳಲ್ಲ. ನಾಲ್ಕು ದಿನ ಹೋದರೆ ಜನ ಮರೀತಾರೆ.

ಪ್ರೀತಿಯಿಂದ,
ಮಾವ

* * *

ಆಗಸ್ಟ್ ೩

ಮಾವ ಅವರಿಗೆ,

ಜನ ಮರೆತಿಲ್ಲ. ಅಮ್ಮನಿಗೆ ನಗರಸಭೆಯಿಂದ ನೋಟಿಸ್ ಬಂದಿದೆ. ಫೋಟೋ ತೆಗೆದು ಕಳಿಸಿದಳು, ಜೊತೆಗೆ 'ಇದೇನೇ ಮಗಳೇ, ನಾನು ಯಾರನ್ನ ಕೊಂದೆ?' ಅಂತ ಒಂದು ಸಾಲು. ನೋಟಿಸಿನಲ್ಲಿ ಏನಿದೆ ಗೊತ್ತಾ? 'ಪತ್ರಿಕೆಯಲ್ಲಿ ಪ್ರಕಟವಾಗಿರುವ ಜೀವಹಾನಿಯ ಘಟನೆಗಳ ಹಿನ್ನೆಲೆಯಲ್ಲಿ ವಿಚಾರಣೆ.' ತಿಂಗಳ ಕೊನೆಗೆ ವಿಚಾರಣೆ. ಅಲ್ಲಿಯವರೆಗೆ ಕುರ್ಚಿ ಹತ್ತೋ ಹಾಗಿಲ್ಲ.

ಲೇಖನವನ್ನ ನಾನು ಅಕ್ಷರ ಅಕ್ಷರ ಓದಿದ್ದೀನಿ. ಡಾಕ್ಟರು ಏನೇನೋ ಬರೆದಿದ್ದಾರೆ, ಸಿಟ್ಟು ಬರೋ ಹಾಗೇ ಬರೆದಿದ್ದಾರೆ. ಆದರೆ ಯಾರೋ ಸತ್ತರು ಅಂತ ಒಂದು ಕಡೆಯೂ ಬರೆದಿಲ್ಲ. 'ಅವಘಡ' ಅಂದಿದ್ದಾರೆ. ಸಾವು ಇರೋದು ಒಂದೇ ಕಡೆ, ಹೆಡ್ಡಿಂಗಿನಲ್ಲಿ. ಹೆಡ್ಡಿಂಗಿನಲ್ಲಿ ಹುಟ್ಟಿದ ಹೆಣ ನೋಟಿಸಿಗೆ ಹೋಗಿ ಕೂತಿದೆ.

ಹತ್ತಾರು ಕೈ ಅಂದಿರಿ. ಆ ಪುಟದ ಡೆಸ್ಕಿನಲ್ಲಿ ಇರೋದು ನೀವು, ಪಕ್ಕದ ಮೇಜಿನವರು, ಒಂದು ಟೀ ಫ್ಲಾಸ್ಕು. ನಾನು ರಜೆಯಲ್ಲಿ ಬಂದು ನಿಮ್ಮ ಪಕ್ಕದ ಸ್ಟೂಲಿನಲ್ಲಿ ಕೂತವಳು. 'ಹೆಡ್ಡಿಂಗ್ ಅಂದರೆ ಮೆಟ್ಟಿಲು ಇಳೀತಿರೋನು ಅರ್ಧದಲ್ಲೇ ನಿಂತುಬಿಡಬೇಕು' ಅಂತ ನನಗೆ ಹೇಳಿಕೊಟ್ಟದ್ದು ಯಾರು? ಕೇಳೋದೇ ಬೇಡ ಅನ್ನಿಸ್ತಿದೆ, ಆದರೂ ಕೇಳ್ತೀನಿ. ನೀವೇ ಕೊಟ್ಟಿರಾ?

ಕೊಟ್ಟಿದ್ದರೆ ತಿದ್ದುಪಡಿ ಹಾಕಿಸಿ. ವಿಚಾರಣೆಗೆ ಮೊದಲು. 'ಯಾರೂ ಸತ್ತಿಲ್ಲ', ಎರಡೇ ಪದ.

ನಿಮ್ಮ ಅಕ್ಕನ ಮಗಳು

* * *

ಆಗಸ್ಟ್ ೧೧

ಮರಿ,

ಹುಟ್ಟಿದಾಗಿನಿಂದ ನನ್ನನ್ನ ಏಕವಚನದಲ್ಲಿ ಬೈದವಳು 'ನೀವು' ಅಂದದ್ದು ನೋಡಿ ಕಾಗದ ಕೆಳಗಿಟ್ಟುಬಿಟ್ಟೆ. ಆಮೇಲೆ ಮತ್ತೆ ತೆಗೆದು ಓದಿದೆ.

ಹೌದು, ನಾನೇ. ಕೇಳು ಮೊದಲು, ಆಮೇಲೆ ಬೈ. ಭಾನುವಾರದವರು ಕೊಟ್ಟಿದ್ದ ಶೀರ್ಷಿಕೆ 'ಈಜುಕೊಳ ಸುರಕ್ಷತೆ: ಕೆಲವು ಚಿಂತನೆಗಳು'. ಸಂಪಾದಕರು ನೋಡಿ, 'ಇದೇನ್ರೀ, ಸೆಮಿನಾರಾ? ಜೀವ ತುಂಬಿ' ಅಂದರು. ಓದುತ್ತಲೇ ನನಗೆ ಅಕ್ಕ ಅಂತ ಗೊತ್ತಾಗಿತ್ತು. ನಮ್ಮಲ್ಲಿ ಒಂದು ಪದ್ಧತಿ ಇದೆ, ಪುಟದಲ್ಲಿ ನಮ್ಮವರ ವಿಷಯ ಬಂದರೆ ಬಾಯಿಬಿಟ್ಟು ಹೇಳಿ ಪುಟ ಪಕ್ಕದವನಿಗೆ ಕೊಡಬೇಕು. ಆ ಪಕ್ಕದವನು ಹಿಂದಿನ ವಾರವಷ್ಟೇ 'ಓದುಗರ ಪತ್ರ ಅಂತ ನಿಮ್ಮ ಬಳಗದವರ ಪತ್ರಗಳೇ ಬರ್ತಿವೆ ಸಾರ್, ಪುಟಕ್ಕೆ ನಿಮ್ಮ ಮನೆ ಹೆಸರಿಟ್ಟುಬಿಡಿ' ಅಂತ ಎಲ್ಲರೆದುರು ಚುಚ್ಚಿದ್ದ. ನಾನು ಹೇಳಲಿಲ್ಲ. ಹೇಳದೇ ಇದ್ದ ಮೇಲೆ ಮೆತ್ತಗೆ ಬರೆಯೋಕೂ ಹೆದರಿಕೆ. ನಾಳೆ ಗೊತ್ತಾದರೆ 'ಅಕ್ಕನಿಗೋಸ್ಕರ ಮೆತ್ತಗೆ ಮಾಡಿದ' ಅಂತಾರಲ್ಲ. ಅದಕ್ಕೇ ಗಟ್ಟಿಯಾಗಿ ಬರೆದೆ. ಬೇರೆ ಯಾರದೋ ಅಕ್ಕ ಆಗಿದ್ದರೆ ಇಷ್ಟು ಗಟ್ಟಿಯಾಗಿ ಬರೀತಿರಲಿಲ್ಲ.

ತಿದ್ದುಪಡಿ ನೋಡಿಕೊಳ್ಳುವವರ ಹತ್ತಿರ ಹೋಗಿದ್ದೆ, ಸಂಬಂಧ ಹೇಳದೆ. ಅವರ ಉತ್ತರ: 'ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ. ಪ್ರಶ್ನೆ ಏನನ್ನೂ ಹೇಳುವುದಿಲ್ಲ. ಹೇಳದೇ ಇದ್ದದ್ದನ್ನ ಹೇಗ್ರೀ ತಿದ್ದೋದು? ಪ್ರಶ್ನೆಗೆ ತಿದ್ದುಪಡಿ ಇಲ್ಲ.' ಅದು ಇಲ್ಲಿಯ ನಿಯಮ. ನಾನು ಮಾಡಿದ್ದಲ್ಲ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಒಂದು ಲೇಖನದಲ್ಲಿ ತರ್ಕದೋಷ ಸಿಕ್ಕಿತು ಅಂದಮಾತ್ರಕ್ಕೆ ಅದರ ತೀರ್ಮಾನ ಸುಳ್ಳು ಅಂತ ಸಾಬೀತಾಗಲ್ಲ. ಕೆಟ್ಟ ವಾದದಿಂದಲೂ ಸರಿಯಾದ ಜಾಗ ಸೇರಬಹುದು. ಇದನ್ನೂ ನಿಮ್ಮ ಮೇಡಂ ಹೇಳಿಕೊಡ್ತಾರೆ.

ಮಾವ

* * *

ಆಗಸ್ಟ್ ೧೪

ಮಾವ ಅವರಿಗೆ,

ಮೇಡಂ ಹೇಳಿಕೊಟ್ಟಾಗಿದೆ. ಒಪ್ಪಿದೆ. ಅವರ ವಾದ ಕೆಟ್ಟದ್ದು ಅನ್ನೋದರಿಂದ ಅಮ್ಮ ಒಳ್ಳೇ ಗಾರ್ಡ್ ಅಂತ ಆಗಲ್ಲ. ಅಮ್ಮ ಒಳ್ಳೇ ಗಾರ್ಡ್ ಅಂತ ಆಗೋದು ನೀರಿನಲ್ಲಿ ಮುಳುಗುತ್ತಿದ್ದ ಇಬ್ಬರು ಇವತ್ತು ಉಸಿರಾಡ್ತಿದ್ದಾರೆ ಅನ್ನೋದರಿಂದ. ಪ್ರತಿ ಆರು ತಿಂಗಳಿಗೊಮ್ಮೆ ಗಾರ್ಡ್‌ಗಳ ಪರೀಕ್ಷೆಯಲ್ಲಿ ಇಪ್ಪತ್ತು ವರ್ಷದವರ ಜೊತೆ ಆಳಿನಷ್ಟು ತೂಕದ ದಡೂತಿ ರಬ್ಬರ್ ಗೊಂಬೆಯನ್ನ ಆಳದಿಂದ ಎಳೆದು ತಂದು ಪಾಸಾಗ್ತಾಳೆ ಅನ್ನೋದರಿಂದ. ಅದು ನಿಮಗೂ ಗೊತ್ತು. ಗೊತ್ತಿದ್ದೂ ನನಗೇ ತರ್ಕ ಪಾಠ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?

ಪ್ರಶ್ನೆ ಏನೂ ಹೇಳಲ್ಲ ಅಂತಲಾ? ಹಾಗಾದರೆ ನಿಮ್ಮ ಆಫೀಸಿನ ಕಾಂಪೌಂಡ್ ಗೋಡೆ ಮೇಲೆ ನಾನು ಬರೀತೀನಿ: 'ಇನ್ನೆಷ್ಟು ದಿನ ದುಡ್ಡು ತಗೊಂಡು ಸುದ್ದಿ ಹಾಕ್ತೀರಿ?' ಪ್ರಶ್ನೆ ತಾನೇ! ನಿಮ್ಮ ತಿದ್ದುಪಡಿಯವರು ಬಂದು ಓದಿ, 'ಓ, ಇದು ಏನೂ ಹೇಳ್ತಿಲ್ಲ' ಅಂತ ಟೀ ಕುಡಿಯೋಕೆ ಹೋಗಲಿ ನೋಡೋಣ.

ಇವತ್ತು ಕ್ಲಾಸಿನಲ್ಲಿ ಹೇಳಿಬಿಟ್ಟೆ. ಮೇಡಂ ಹತ್ತಿರ ಹೋಗಿ ಆ ಲೇಖನವನ್ನ ಮತ್ತೆ ಹಾಕಿಸಿ ಹೆಡ್ಡಿಂಗಿಗೆ ಸುತ್ತು ಹಾಕಿದೆ. ಸುತ್ತು ಬದನೆಕಾಯಿ ಥರ ಬಂತು. ಒಂದೂ ಜೀವ ಹೋಗಿಲ್ಲ, ಇದು ಉತ್ತರವನ್ನ ಹೊಟ್ಟೆಯಲ್ಲಿಟ್ಟುಕೊಂಡು ಬಂದಿರೋ ಪ್ರಶ್ನೆ ಅಂದೆ. ಎಲ್ಲರೂ ಹೌದಲ್ವಾ ಅಂದರು. ಆ ಗಾರ್ಡ್ ನಮ್ಮಮ್ಮ ಅಂದೆ. ಟೋಪಿ ಅಂದಳು: 'ಓ, ಅದಕ್ಕೇನಾ.'

ಆ ಒಂದು 'ಅದಕ್ಕೇನಾ'ದಲ್ಲಿ ನಾನು ಹೇಳಿದ್ದೆಲ್ಲ ಕರಗಿಹೋಯಿತು. ಅರ್ಧ ನಿಮಿಷ ಮುಂಚೆ ನಿಜವಾಗಿದ್ದದ್ದು ಮಗಳು ಹೇಳಿದ ತಕ್ಷಣ ಮಗಳ ಮಾತಾಯಿತು. ನೀವು ಯಾಕೆ ಹೆದರಿದಿರಿ ಅಂತ ಅರ್ಥ ಆಯಿತು. ಆದರೆ ಕ್ಷಮಿಸೋಕೆ ಆಗಲ್ಲ, ಯಾಕೆಂದರೆ ನಾನು ಹೆದರಿಕೊಂಡೇ ಹೇಳಿದೆ.

ಇನ್ನು ಉತ್ತರ ಬೇಡ. ತಿದ್ದುಪಡಿ ಬೇಕು.

ನಿಮ್ಮ ಅಕ್ಕನ ಮಗಳು

* * *

ಆಗಸ್ಟ್ ೩೧

ಮಗಳೇ,

ನನಗೆ ಬರೆಯೋದು ಅಂದರೆ ಕೈ ಓಡಲ್ಲ, ಆದರೂ ಇದನ್ನ ಫೋನಿನಲ್ಲಿ ಹೇಳಿದರೆ ನೀನು ಅಲ್ಲಿ ಅಳ್ತೀಯ, ನಾನು ಇಲ್ಲಿ ಅಳ್ತೀನಿ.

ನಿನ್ನೆ ವಿಚಾರಣೆ ಮುಗೀತು. ಮೇಲಿನ ಮಹಡಿ ರೂಮು, ಮೂರು ಜನ ಕೂತಿದ್ದರು, ಮಧ್ಯದಲ್ಲಿ ಅಧ್ಯಕ್ಷರು. ಅವರ ಮುಂದೆ ಆ ಪೇಪರ್ ಇತ್ತು, ನೋಡಿ ನೋಡಿ ಮಡಿಕೆ ಬಿದ್ದಿತ್ತು. ನಾನು ಎಳೆದು ತಂದ ಆ ಗುಮಾಸ್ತರು ಸಾಕ್ಷಿ ಹೇಳೋಕೆ ಬರಲಿಲ್ಲ. ನಾನೇ ಮನೆಗೆ ಹೋಗಿ ಕರೆದಿದ್ದೆ. 'ಹೆಂಗಸು ಬಂದು ಎತ್ತಿಕೊಂಡು ಹೋದಳು ಅಂತ ನಾಲ್ಕು ಜನರೆದುರು ಹೇಗಮ್ಮ ಹೇಳಲಿ' ಅಂದರು. ಪಾಪ, ಕಾಫಿ ಕೊಟ್ಟರು. ಆ ಹುಡುಗಿ ಬೇರೆ ಊರಿಗೆ ಹೋಗಿದ್ದಾಳಂತೆ.

ನಿನ್ನ ಮಾವ ಬಂದಿದ್ದ. ನಾನು ಕರೆದಿರಲಿಲ್ಲ. ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಹೆಣ್ಣು ನೋಡೋಕೆ ಬಂದವನ ಥರ ಹಿಂದಿನ ಸಾಲಿನಲ್ಲಿ ಕೂತಿದ್ದ. ಅಧ್ಯಕ್ಷರು 'ಜೀವಹಾನಿ' ಅಂತ ಓದುತ್ತಲೇ ಎದ್ದು ನಿಂತ.

'ಸಾರ್, ಯಾರೂ ಸತ್ತಿಲ್ಲ. ಆ ಹೆಡ್ಡಿಂಗ್ ತಪ್ಪು.'

'ನೀವು ಯಾರು?'

'ಅದನ್ನ ಬರೆದವನು.'

ಅಧ್ಯಕ್ಷರು ಕನ್ನಡಕ ತೆಗೆದರು. ಪಕ್ಕದವರು ಪೆನ್ ಹಿಡಿದರು. ಎಲ್ಲ ಸರಿಹೋಯಿತು ಅಂದುಕೊಂಡೆ. ಆಗ ಪೆನ್ ಹಿಡಿದವರು 'ಈಕೆ ನಿಮಗೆ ಪರಿಚಯವೇ?' ಅಂದರು. ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. 'ನನ್ನ ಅಕ್ಕ' ಅಂದ.

ಪೆನ್ ಕೆಳಗಿಟ್ಟುಬಿಟ್ಟರು ಕಣೇ. ಅಧ್ಯಕ್ಷರು ನಕ್ಕು, 'ತಮ್ಮ ಅಂದಮೇಲೆ ಅಕ್ಕನ ಪರ ಮಾತಾಡದೆ ಇನ್ನೇನು ಮಾಡ್ತಾರೆ, ಕೂತ್ಕೊಳ್ಳಿ' ಅಂದರು. ಕೂತ. ನನಗೆ ಎಷ್ಟು ಸಿಟ್ಟು ಬಂತು ಅಂದರೆ, 'ಸರಿ ಸ್ವಾಮಿ, ಅವನ ಮಾತು ಬಿಡಿ. ಸತ್ತವರು ಯಾರು, ಅದನ್ನಾದರೂ ಹೇಳಿ' ಅಂದೆ. 'ಅದು ಇನ್ನೊಂದು ವಿಷಯ' ಅಂದರು.

ಈಗ ನನ್ನನ್ನ ಲಾಕರ್ ಬೀಗದ ಕೈ ಕೊಡೋ ಕಿಟಕಿಗೆ ಹಾಕಿದ್ದಾರೆ. ಸಂಬಳ ಅಷ್ಟೇ, ಮುಖ ತಿರುಗಿಸಿಕೊಂಡಿರೋದು ಮಾತ್ರ ಗೋಡೆ ಕಡೆಗೆ. ಅಲ್ಲಿಂದ ನೀರು ಕಾಣಲ್ಲ, ಸದ್ದು ಕೇಳುತ್ತೆ ಅಷ್ಟೇ. ಯಾರಾದರೂ ಕಿರುಚಿದರೆ ಕಾಲು ತಾನಾಗೇ ಏಳುತ್ತೆ. ಆಮೇಲೆ ನೋಡಿದರೆ ಆಟಕ್ಕೆ ಕಿರುಚಿರ್ತಾರೆ. ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ, ಆಳದ ಕಡೆ ಒಂದು ಹಗ್ಗ ಕಟ್ಟಿ ಬಿಟ್ಟಿದ್ದಾರೆ. ಕಾವಲಿಗೆ ನನಗಿಂತ ಹಗ್ಗ ವಾಸಿ ಅಂತಾಯಿತು.

ಮಾವನನ್ನ ಹೆಚ್ಚು ಬೈಬೇಡ. ಮೆಟ್ಟಿಲು ಇಳಿಯುವಾಗ ನನ್ನ ಕೈಚೀಲ ಹಿಡಿದುಕೊಂಡು ಬಂದ.

ನಿನ್ನ
ಅಮ್ಮ

* * *

ಸೆಪ್ಟೆಂಬರ್ ೪

ಮರಿ,

ಉತ್ತರ ಬೇಡ ಅಂತ ನೀನು ಬರೆದಿದ್ದೆ. ಇದು ಉತ್ತರ ಅಲ್ಲ, ಕತ್ತರಿಸಿದ ಒಂದು ಚೂರು. ನಿನ್ನೆಯ ಪತ್ರಿಕೆ, ಎರಡನೇ ಪುಟ, ಕೆಳಗೆ ಬಲಗಡೆ.

'ತಿದ್ದುಪಡಿ: ಅಭಿಪ್ರಾಯ ಪುಟದಲ್ಲಿ ಪ್ರಕಟವಾದ ಲೇಖನವೊಂದರ ಶೀರ್ಷಿಕೆಯು ನಗರಸಭೆಯ ಈಜುಕೊಳದಲ್ಲಿ ಜೀವಹಾನಿಯಾಗಿದೆ ಎಂಬ ಅರ್ಥ ಕೊಡುವಂತಿತ್ತು. ಅಲ್ಲಿ ಯಾರೂ ಸತ್ತಿಲ್ಲ. ಮುಳುಗುತ್ತಿದ್ದ ಇಬ್ಬರನ್ನು ಕಾವಲು ಸಿಬ್ಬಂದಿ ರಕ್ಷಿಸಿದ್ದಾರೆ. ಶೀರ್ಷಿಕೆ ಲೇಖಕರದ್ದಲ್ಲ, ಪುಟದ ಸಿಬ್ಬಂದಿಯದು.'

ಇದನ್ನ ಹಾಕಿಸಲು ಸಂಪಾದಕರಿಗೆ ಸಂಬಂಧ ಹೇಳಬೇಕಾಯಿತು. ವಿಚಾರಣೆಗೆ ಮೊದಲೇ ಹೇಳಬೇಕಿತ್ತು, ಹೇಳಿದ್ದು ಆಮೇಲೆ. ಅವರು ಕೂಗಾಡಲಿಲ್ಲ. 'ಮೊದಲೇ ಹೇಳಿದ್ದರೆ ಚೆನ್ನಾಗಿತ್ತು' ಅಂದರು, ಅಷ್ಟೇ. ಈಗ ನನಗೆ ರೈಲು ವೇಳಾಪಟ್ಟಿ, ಹವಾಮಾನ, ಸೂರ್ಯ ಮುಳುಗೋ ಹೊತ್ತು. ಪುಟ ಪಕ್ಕದವನದು.

ಅಕ್ಕನಿಗೆ ಈ ಚೂರು ತೋರಿಸಿದೆ. 'ಎಷ್ಟು ಸಣ್ಣ ಅಕ್ಷರ ಕಣೋ' ಅಂದಳು.

ಮಾವ

* * *

ಅಕ್ಟೋಬರ್ ೧೮

ಮಾವ,

ಆರು ವಾರ ಬರೀಲಿಲ್ಲ. ಬರೆಯೋಕೆ ಕೂತಾಗಲೆಲ್ಲ ಪೆನ್ ಬೈಗುಳಕ್ಕೇ ಹೋಗ್ತಿತ್ತು.

ತರ್ಕದ ಪರೀಕ್ಷೆ ಆಯಿತು. ಒಂದು ಪ್ರಶ್ನೆ ಹೀಗಿತ್ತು: 'ಸಾಕ್ಷಿಯು ಆರೋಪಿಯ ತಮ್ಮ. ಆದ್ದರಿಂದ ಸಾಕ್ಷಿಯ ಮಾತು ಸುಳ್ಳು. ಇಲ್ಲಿರುವ ದೋಷ ಯಾವುದು, ವಿವರಿಸಿ.' ಮೇಡಂ ಬೇಕೆಂದೇ ಕೊಟ್ಟರೋ, ಪುಸ್ತಕದಲ್ಲೇ ಇತ್ತೋ ಗೊತ್ತಿಲ್ಲ. ಹೇಳಿದವನು ಯಾರು ಅಂತ ನೋಡಿ ಹೇಳಿದ್ದನ್ನ ತಳ್ಳಿಹಾಕೋದು ದೋಷ. ತಮ್ಮ ಅನ್ನೋ ಕಾರಣಕ್ಕೆ ಮಾತನ್ನ ಇನ್ನೊಮ್ಮೆ ಪರೀಕ್ಷೆ ಮಾಡಬಹುದು, ಪರೀಕ್ಷೆಯನ್ನೇ ಮಾಡದೆ ಎಸೆಯೋ ಹಾಗಿಲ್ಲ. ಹೀಗೆಲ್ಲ ಬರೆದೆ. ಪೂರ್ತಿ ಮಾರ್ಕ್ಸ್ ಬಂತು, ಪಕ್ಕದಲ್ಲಿ 'ಉತ್ತಮ' ಅಂತ. ಉತ್ತರಪತ್ರಿಕೆ ಕೈಗೆ ಬಂದಾಗ ಖುಷಿ ಆಗಬೇಕಿತ್ತು. ಮೈಯೆಲ್ಲ ಉರೀತು. ಹದಿನೆಂಟು ವರ್ಷದವಳು ಮೊದಲ ಸೆಮಿಸ್ಟರಿನಲ್ಲಿ ಬರೆಯೋ ಉತ್ತರ ಆ ಮೂರು ಜನರಿಗೆ ಗೊತ್ತಿರಲ್ಲ ಅಂತ ನನಗೆ ನಂಬಿಕೆ ಇಲ್ಲ. ಗೊತ್ತಿರುತ್ತೆ. ಪೆನ್ ಕೆಳಗಿಡೋದು ಸುಲಭ, ಅಷ್ಟೇ.

ಅಮ್ಮ ಇನ್ನೂ ಗೋಡೆ ಕಡೆ ಮುಖ ಮಾಡಿ ಬೀಗದ ಕೈ ಕೊಡ್ತಿದ್ದಾಳೆ. ಮೊನ್ನೆ ಹೋಗಿ ನೋಡಿ ಬಂದೆ. ಮಾತಾಡ್ತಾ ಮಾತಾಡ್ತಾ ಅರ್ಧಕ್ಕೆ ನಿಲ್ಲಿಸಿ ಕಿವಿಗೊಡ್ತಾಳೆ. ನೀರಿನ ಸದ್ದು ಸರಿಯಿದೆ ಅಂತ ಗೊತ್ತಾದ ಮೇಲೆ ಮಿಕ್ಕ ಅರ್ಧ ಹೇಳ್ತಾಳೆ. ಮೇಲ್ಮನವಿ ಕೊಡು ಅಂದೆ. 'ಯಾರು ಬರ್ತಾರೆ ನನ್ನ ಪರ ಹೇಳೋಕೆ, ಮನೆಯವರು ಬಿಟ್ಟರೆ' ಅಂದಳು. ಮನೆಯವರೇ ಬರ್ತೀವಿ ಅಂದೆ. ಅರ್ಜಿಯನ್ನ ನಾನೇ ಬರೆದೆ. ನಿನ್ನ ತಿದ್ದುಪಡಿಯ ಚೂರನ್ನ ದೊಡ್ಡದು ಮಾಡಿ ಜೆರಾಕ್ಸ್ ತೆಗೆಸಿ ಅಂಟಿಸಿದ್ದೀನಿ. ನಿನ್ನ ಹೆಡ್ಡಿಂಗ್ ಎಷ್ಟು ದಪ್ಪ ಇತ್ತೋ ಅಷ್ಟೇ ದಪ್ಪ.

ಮುಂದಿನ ತಿಂಗಳು ಎರಡನೇ ಬುಧವಾರ ಕಮಿಷನರ್ ಎದುರು. ನಾನು ಕ್ಲಾಸ್ ಬಿಟ್ಟು ಬರ್ತೀನಿ, ನೀನು ಆ ದಿನ ಸೂರ್ಯನನ್ನ ಬೇರೆ ಯಾರಿಗಾದರೂ ವಹಿಸಿ ಬಾ. ನಿನ್ನ ಮೇಲೆ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ಸಿಟ್ಟು ಇರೋದರಿಂದಲೇ ಕರೀತಿದ್ದೀನಿ.

ನೀನು ಯಾರು ಅಂತ ಮೊದಲೇ ಕೇಳ್ತಾರೆ. ತಮ್ಮ ಅನ್ನು. ನಾನು ಮಗಳು ಅಂತೀನಿ. ಓ ಅದಕ್ಕೇನಾ ಅಂತ ಮುಖ ಮಾಡ್ತಾರೆ. ಮಾಡಲಿ. ಯಾರೂ ಸತ್ತಿಲ್ಲ ಅನ್ನೋದನ್ನ ನೀನು ಒಂದು ಸಲ ಹೇಳು, ನಾನು ಒಂದು ಸಲ ಹೇಳ್ತೀನಿ, ಅವರು ಪೆನ್ ಎತ್ತಿಕೊಳ್ಳೋವರೆಗೂ ಸರದಿ ಪ್ರಕಾರ ಹೇಳ್ತಾನೇ ಇರೋಣ. ಅವತ್ತು ನನ್ನ ಮಾತು ತೊದಲಿದರೂ ತೊದಲಬಹುದು. ಆದರೆ ಕೂತ್ಕೊಳ್ಳಿ ಅಂತಾರಲ್ಲ, ಆಗ ಮಾತ್ರ, ಮಾವ, ಈ ಸಲ ಕೂರಬೇಡ.

ಪಿಟೀಲು